ಸುಣ್ಣದಕೊಪ್ಪದ ಶೂನ್ಯಬಿಂದು

“ಆಳ ಹನ್ನೊಂದು ಮೀಟರು. ಕೊರೆತ ಸಾಕು” ಎಂದು ಆಳ ಅಳೆಯುವ ಉಪಕರಣ ತಳದರ್ಶಿ ಘೋಷಿಸಿತು. ಅದರ ಧ್ವನಿಯಲ್ಲಿ ಸಂದೇಹದ ಸುಳಿವೂ ಇರಲಿಲ್ಲ. ಕೊರೆಯುವ ಯಂತ್ರ ತಕ್ಷಣ ನಿಂತಿತು, ರಾಡು ಮೇಲೆ ಬಂತು. ಪಕ್ಕದಲ್ಲಿ ನಿಂತಿದ್ದ ದುಂಡವ್ವ ನಿಯಮದಂತೆ ಪರದೆಯ ಮೇಲೆ ಹೆಬ್ಬೆಟ್ಟು ಒತ್ತಿದಳು. ಆಮೇಲೆ ಅತ್ತಿತ್ತ ನೋಡಿ, ಸೆರಗಿನ ಮರೆಯಿಂದ ಹಳೆಯ ಅಳತೆಯ ಹಗ್ಗವನ್ನು ತೆಗೆದು ರಂಧ್ರದೊಳಕ್ಕೆ ಇಳಿಬಿಟ್ಟಳು. ಮೀಟರಿಗೊಂದು ಗಂಟಿದ್ದ ಹಗ್ಗ ಅದು. ತುದಿಯ ಸೀಸದ ಗುಂಡು ತಳ ಮುಟ್ಟಿದಾಗ ಎಂಟು ಗಂಟುಗಳು ಒಳಗೆ ಹೋಗಿದ್ದವು. ಒಂಬತ್ತನೆಯದು ಇನ್ನೂ ಅವಳ ಕೈಯಲ್ಲೇ ಇತ್ತು.

ಸುಣ್ಣದ ಕಲ್ಲಿನ ಗಣಿಯೆಂದರೆ ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಯುವ ಕೆಲಸ. ಮೆಟ್ಟಿಲಿನ ಅಂಚಿನಲ್ಲಿ ಸಾಲಾಗಿ ರಂಧ್ರ ಕೊರೆದು, ಮದ್ದು ತುಂಬಿ ಸಿಡಿಸಿದರೆ ಅಂಚು ಕುಸಿದು ಕೆಳಗೆ ಬೀಳುತ್ತದೆ. ಎಲ್ಲ ರಂಧ್ರಗಳ ತಳವೂ ಒಂದೇ ಮಟ್ಟದಲ್ಲಿರಬೇಕು. ಒಂದು ಮೊಳ ಕಡಿಮೆಯಾದರೆ ಬುಡ ಸಿಡಿಯದೆ ಉಳಿಯುತ್ತದೆ. ಒಂದು ಮೊಳ ಹೆಚ್ಚಾದರೆ ಕೆಳಗಿನ ನೆಲವೇ ಒಡೆದು ಲಾರಿಗಳಿಗೆ ದಾರಿ ಇಲ್ಲದಂತಾಗುತ್ತದೆ. ಹೀಗಾಗಿ ಗಣಿಯಲ್ಲಿ ಎಲ್ಲರೂ ಎಲ್ಲದರ ಬಗ್ಗೆಯೂ ಸ್ವಲ್ಪ ಸುಳ್ಳು ಹೇಳಬಹುದು, ಆಳದ ಬಗ್ಗೆ ಮಾತ್ರ ಹೇಳುವಂತಿಲ್ಲ.

ಇಪ್ಪತ್ತೊಂದನೆಯ ಶತಮಾನದ ಏಳನೆಯ ದಶಕದ ಹೊತ್ತಿಗೆ ಕೊರೆಯುವುದು, ತುಂಬುವುದು, ಸಾಗಿಸುವುದು ಎಲ್ಲವೂ ಯಂತ್ರಗಳ ಪಾಲಾಗಿತ್ತು. ಆದರೂ ಪ್ರತಿಯೊಂದು ರಂಧ್ರದ ಬಾಯಲ್ಲಿ ಒಬ್ಬ ಮನುಷ್ಯ ನಿಂತು ಆಳವನ್ನು ಒಪ್ಪಬೇಕೆಂಬ ಹಳೆಯ ಕಾಯಿದೆ ಉಳಿದುಕೊಂಡಿತ್ತು. ಅದನ್ನು ರದ್ದು ಮಾಡಬೇಕೆಂದು ಯಾರಿಗೂ ನೆನಪಾಗಿರಲಿಲ್ಲ. ಬಾಗಲಕೋಟೆ ಸೀಮೆಯ ಸುಣ್ಣದಕೊಪ್ಪ ಗಣಿಯಲ್ಲಿ ಈ ಕೆಲಸ ಹೆಂಗಸರದು. ಹಗ್ಗ ಹಿಡಿಯುವುದು ಹಗುರವಾದ ಕೆಲಸವೆಂದು ಗಂಡಸರು ಬಹಳ ಹಿಂದೆ ತೀರ್ಮಾನಿಸಿದ್ದರು. ಬಿಸಿಲಿನಲ್ಲಿ ಎಂಟು ತಾಸು ನಿಲ್ಲುವುದನ್ನು ಅವರು ಕೆಲಸವೆಂದು ಗಣಿಸಿರಲಿಲ್ಲ. ಯಂತ್ರಗಳು ಬಂದಾಗ ಭಾರವಾದ ಕೆಲಸಗಳೆಲ್ಲ ಹೋದವು, ಹಗುರವಾದದ್ದು ಉಳಿಯಿತು. ಹನ್ನೊಂದು ಮಂದಿ ಅಳತೆಗಾರ್ತಿಯರಲ್ಲಿ ದುಂಡವ್ವ ಹಿರಿಯಳು. ಇಪ್ಪತ್ತೆರಡು ವರ್ಷಗಳಲ್ಲಿ ಅವಳ ಹಗ್ಗ ಒಂದು ಸಲವೂ ತಪ್ಪಿರಲಿಲ್ಲ.

ತಳದರ್ಶಿಯನ್ನು ರೂಪಿಸಿದವರು ಡಾ. ನರಹರಿ ಕೆದಿಲಾಯರು. ಆಳವೆಂಬುದು ಎರಡು ಬಿಂದುಗಳ ನಡುವಿನ ಲಂಬ ಅಂತರ, ಅಷ್ಟೇ. ಕೆಳಗಿನ ಬಿಂದು ಸುಲಭ. ಕೊರೆಯುವ ಮೊನೆಯಲ್ಲಿ ಕಡಲೆಕಾಳಿನಷ್ಟು ಚಿಕ್ಕದೊಂದು ‘ತುದಿಗಿವಿ’ಯನ್ನು ಕೂರಿಸಿ ಅವರು ಅದನ್ನು ಒಂದೇ ವರ್ಷದಲ್ಲಿ ಬಗೆಹರಿಸಿದರು. ಕಷ್ಟವಿದ್ದದ್ದು ಮೇಲಿನ ಬಿಂದುವಿನಲ್ಲಿ. ನೆಲ ಎಲ್ಲಿಂದ ಶುರುವಾಗುತ್ತದೆ? ಯಂತ್ರದ ಪಾದದಿಂದ ಅಳೆದರೆ ಯಂತ್ರ ವಾಲುತ್ತದೆ, ಹೂತುಕೊಳ್ಳುತ್ತದೆ. ರಂಧ್ರದ ಬಾಯಿಂದ ಅಳೆದರೆ ಅಲ್ಲಿ ಪುಡಿಯ ಗುಡ್ಡೆ ಏಳುತ್ತದೆ. ಹಿಂದಿನ ಸಿಡಿತಕ್ಕೆ ಒಡೆದ ಕಲ್ಲುಗಳಲ್ಲಿ ಯಾವುದು ನೆಲ, ಯಾವುದು ನೆಲದ ಮೇಲೆ ಬಿದ್ದದ್ದು ಎಂದು ಯಾವ ಕಣ್ಣೂ ನಿಖರವಾಗಿ ಹೇಳಲಾರದು.

ಮೂರು ವರ್ಷ ತಲೆ ಕೆಡಿಸಿಕೊಂಡ ಮೇಲೆ ಕೆದಿಲಾಯರಿಗೆ ಉತ್ತರ ಹೊಳೆಯಿತು. ಮನುಷ್ಯ ಪುಡಿಯ ಗುಡ್ಡೆಯ ಮೇಲೆ ನಿಲ್ಲುವುದಿಲ್ಲ, ಅಲುಗುವ ಕಲ್ಲಿನ ಮೇಲೂ ನಿಲ್ಲುವುದಿಲ್ಲ. ಅವನ ಕಾಲು ತಾನಾಗಿಯೇ ಗಟ್ಟಿ ನೆಲವನ್ನು ಹುಡುಕಿಕೊಳ್ಳುತ್ತದೆ. ಕಾಯಿದೆಯ ಪ್ರಕಾರ ರಂಧ್ರದ ಪಕ್ಕ ಒಬ್ಬರು ನಿಂತಿರಲೇಬೇಕಲ್ಲ! ಅವರು ನಿಂತದ್ದೇ ನೆಲ. ಕಂಪನಿ ಕೊಡುವ ಬೂಟಿನ ಅಟ್ಟೆಯೊಳಗೆ ಅವರು ಪುಟ್ಟದೊಂದು ಉಪಕರಣವನ್ನಿಟ್ಟು ಅದನ್ನು ‘ಶೂನ್ಯಬಿಂದು’ ಎಂದು ಕರೆದರು. ಒಂಬತ್ತು ದೇಶಗಳ ಗಣಿಗಳಲ್ಲಿ ಅದು ಕೂದಲೆಳೆಯಷ್ಟೂ ತಪ್ಪಲಿಲ್ಲ.

ಹತ್ತನೆಯದಾಗಿ ಅದು ಸುಣ್ಣದಕೊಪ್ಪಕ್ಕೆ ಬಂತು. ಮೊದಲ ಸಿಡಿತದ ಮರುದಿನ ಕೆಳಗಿನ ಮೆಟ್ಟಿಲಿನ ತುಂಬ ಆಳೆತ್ತರದ ಕಲ್ಲಿನ ಮೋಟುಗಳು ನಿಂತಿದ್ದವು. ಲಾರಿಗಳು ಅವುಗಳ ಮುಂದೆ ಸಾಲುಗಟ್ಟಿ ನಿಂತು, ದಾರಿ ಬಿಡಬೇಕೆಂದು ವಿನಯದಿಂದ ವಿನಂತಿಸತೊಡಗಿದವು.

ಮ್ಯಾನೇಜರ್ ಗಲಗಲಿಯವರು ದುಂಡವ್ವನನ್ನು ಕರೆಸಿದರು. “ಹೆಬ್ಬಟ್ಟ ಒತ್ತಿದಾಕಿ ನೀ. ಹನ್ನೊಂದು ಅಂತ ಒಪ್ಪಿದಾಕಿ ನೀ. ಈಗ ಈ ಮೋಟು ಯಾರ ಕಡಿಬೇಕು?”

“ಹಗ್ಗ ಎಂಟು ಅಂತೈತ್ರಿ ಸಾಹೇಬ್ರ. ಅದು ಹನ್ನೊಂದು ಅಂತೈತಿ. ಅದರ ಕೂಡ ನಾ ಹ್ಯಾಂಗ ವಾದಾ ಹಾಕ್ಲಿ?”

“ಹಗ್ಗ ಬಂದ್ ಮಾಡೇವಲ್ಲ! ಒಂಬತ್ತು ದೇಶದಾಗ ತಪ್ಪದ್ದು ನಿನ್ನ ಕೈಯಾಗ ಬಂದು ತಪ್ಪತೈತೇನು?” ಎಂದ ಗಲಗಲಿಯವರು, ತನಿಖೆ ಮುಗಿಯುವ ತನಕ ಅವಳ ಹೆಬ್ಬೆಟ್ಟನ್ನು ಅಮಾನತಿನಲ್ಲಿಟ್ಟಿರುವುದಾಗಿ ತಿಳಿಸಿದರು. ಕೆಟ್ಟ ಮನುಷ್ಯರೇನಲ್ಲ, ಯಂತ್ರವನ್ನು ಬೈದರೆ ಅದು ತಲೆ ತಗ್ಗಿಸುವುದಿಲ್ಲವಾದ್ದರಿಂದ ದುಂಡವ್ವನನ್ನು ಬೈದರು.

ನಾಲ್ಕನೆಯ ದಿನ ಕೆದಿಲಾಯರೇ ಬಂದಿಳಿದರು. ಕರಾವಳಿಯ ಮನುಷ್ಯ, ತೆಳ್ಳಗೆ, ಪುಸ್ತಕದಂಥ ಮಾತು. ತುದಿಗಿವಿಯನ್ನು ಬಿಚ್ಚಿ ನೋಡಿದರು, ಸರಿಯಾಗಿತ್ತು. ಲೆಕ್ಕವನ್ನು ಮೂರು ಸಲ ನೋಡಿದರು, ಅದೂ ಸರಿಯಾಗಿತ್ತು. ಕೊನೆಗೆ ದುಂಡವ್ವನನ್ನು ಕರೆಸಿ, ದಿನವೂ ಮಾಡುವ ಹಾಗೆಯೇ ಒಂದು ರಂಧ್ರವನ್ನು ಕೊರೆಸಿ ತೋರಿಸಬೇಕೆಂದು ಕೇಳಿದರು.

“ಅಮ್ಮಾ, ನೀವು ಯಂತ್ರವನ್ನು ಎಲ್ಲಿಯಾದರೂ ಮುಟ್ಟಿದ್ದುಂಟೇ?”

“ಹೆಬ್ಬಟ್ಟ ಒತ್ತೂದು ಬಿಟ್ರ ಇನ್ಯಾತಕ್ಕ ಮುಟ್ಲಿರಿ? ಅದಕ್ಕೇನು ಹಾಲ ಹಿಂಡೂದೈತೇನು?”

ಯಂತ್ರ ಕೊರೆಯತೊಡಗಿತು. ಕೆದಿಲಾಯರು ಪರದೆಯನ್ನು ನೋಡಿದರು, ರಾಡನ್ನು ನೋಡಿದರು. ಆಮೇಲೆ ಅವರ ದೃಷ್ಟಿ ಕೆಳಕ್ಕಿಳಿದು, ಕಾದ ಕಲ್ಲಿನ ಮೇಲೆ ಊರಿದ್ದ ದುಂಡವ್ವನ ಬರಿಗಾಲುಗಳ ಮೇಲೆ ನಿಂತಿತು.

“ನಿಮ್ಮ ಬೂಟುಗಳೆಲ್ಲಿ?”

“ಅಲ್ಲಿ ಅದಾವಲ್ರಿ” ಎಂದು ದುಂಡವ್ವ ಮೇಲಕ್ಕೆ ಕೈ ತೋರಿಸಿದಳು. ಮೇಲಿನ ದಿಬ್ಬದಲ್ಲಿ ತಗಡಿನ ಶೆಡ್ಡಿತ್ತು. ಅದರ ಮುಂದೆ ಹನ್ನೊಂದು ಜೊತೆ ಬೂಟುಗಳು, ಮದುವೆಮನೆಯ ಬಾಗಿಲಲ್ಲಿ ಬಿಟ್ಟ ಹಾಗೆ, ಸಾಲಾಗಿ ಕುಳಿತಿದ್ದವು.

“ಬೂಟು ಹಾಕಿಕೊಳ್ಳುವುದಿಲ್ಲವೇ ನೀವು?”

“ದಾರ್ಯಾಗ ಹಾಕ್ಕೋತೀವ್ರಿ. ತೂತಿನ ಮುಂದ ಹಾಕ್ಕೊಳ್ಳೂದಿಲ್ಲ. ಭೂಮ್ತಾಯಿ ಬಾಯಿ ತಗದಾಳ. ಅಕಿ ಮುಂದ ಕಾಲ್ಮರಿ ಹಾಕ್ಕೊಂಡು ನಿಂದ್ರೂದು ಹ್ಯಾಂಗ್ರಿ? ನೀವು ಗುಡ್ಯಾಗ ಬೂಟ ಹಾಕ್ಕೊಂಡು ನಿಂದರ್ತೀರೇನು?”

ಕೆದಿಲಾಯರು ತಮ್ಮ ಬೂಟುಗಳನ್ನು ನೋಡಿಕೊಂಡು ಎರಡು ಹೆಜ್ಜೆ ಹಿಂದೆ ಸರಿದರು. ಅಳೆದು ನೋಡಿದಾಗ ಶೆಡ್ಡಿನ ಅಂಗಳ ಕೊರೆಯುವ ನೆಲಕ್ಕಿಂತ ಎರಡು ಮೀಟರು ಎಂಬತ್ತೆಂಟು ಸೆಂಟಿಮೀಟರು ಎತ್ತರದಲ್ಲಿತ್ತು. ತಳದರ್ಶಿ ತಪ್ಪಿರಲಿಲ್ಲ. ಬೂಟುಗಳಿಂದ ತಳಕ್ಕೆ ಸರಿಯಾಗಿ ಹನ್ನೊಂದು ಮೀಟರೇ ಇತ್ತು. ಹಗ್ಗವೂ ತಪ್ಪಿರಲಿಲ್ಲ. ಒಂಬತ್ತು ದೇಶಗಳಲ್ಲಿ ಯಾರಿಗೂ ರಂಧ್ರದ ಮುಂದೆ ಬೂಟು ಬಿಚ್ಚಬೇಕೆಂದು ತೋಚಿರಲಿಲ್ಲ, ಅಷ್ಟೇ.

ಗಲಗಲಿಯವರು ದುಂಡವ್ವನ ಹೆಬ್ಬೆಟ್ಟನ್ನು ಗೌರವಪೂರ್ವಕವಾಗಿ ಹಿಂದಿರುಗಿಸಿ, ಎಲ್ಲರೂ ಬೂಟು ಧರಿಸಿಯೇ ನಿಲ್ಲತಕ್ಕದ್ದೆಂದು ಆಜ್ಞೆ ಹೊರಡಿಸಿದರು. ಎರಡು ದಿನ ಆಜ್ಞೆ ನಡೆಯಿತು. ಮೂರನೆಯ ದಿನ ಬೂಟುಗಳು ಮತ್ತೆ ಶೆಡ್ಡಿನ ಮುಂದಿದ್ದವು. “ನಾವು ಬೇಕಂತ ಬಿಟ್ಟಿಲ್ರಿ. ಕಾಲು ತಾನ ಬಿಡತೈತಿ” ಎಂದು ದುಂಡವ್ವ ನಿಜವನ್ನೇ ಹೇಳಿದಳು.

ಕೆದಿಲಾಯರು ಹಟ ಹಿಡಿಯುವ ಪೈಕಿಯಲ್ಲ. ಜನ ಯಂತ್ರಕ್ಕೆ ಹೊಂದದಿದ್ದರೆ ಯಂತ್ರವೇ ಜನಕ್ಕೆ ಹೊಂದಬೇಕು ಎನ್ನುವವರು. ಊಟದ ಹೊತ್ತಿನಲ್ಲಿ ಹೆಂಗಸರು ರೊಟ್ಟಿ ಬಿಚ್ಚಿ ಕುಳಿತಿದ್ದಾಗ ಅವರ ಹತ್ತಿರ ಹೋಗಿ ಕೇಳಿದರು: “ಬೂಟು ಬೇಡ. ನಿಮ್ಮ ಕಾಲಿನಿಂದ ಯಾವಾಗಲೂ ಕಳಚದೆ ಇರುವಂಥದ್ದು ಏನಾದರೂ ಉಂಟೇ?”

ಹೆಂಗಸರು ಮುಖ ಮುಖ ನೋಡಿಕೊಂಡು ನಕ್ಕರು. ದುಂಡವ್ವ ಸೀರೆಯ ಅಂಚನ್ನು ಒಂದಿಷ್ಟು ಸರಿಸಿ ಕಾಲುಂಗುರ ತೋರಿಸಿದಳು.

“ಇದನ್ನು ತೆಗೆಯುವುದೇ ಇಲ್ಲವೇ?”

“ಇಲ್ರಿ.”

“ಎಂದೂ?”

ಹೆಂಗಸರ ನಗು ನಿಂತಿತು. “ಅಂಥಾ ಮಾತು ಕೇಳಬಾರದ್ರಿ ಸಾಹೇಬ್ರ” ಎಂದಳು ದುಂಡವ್ವ.

ಕೆದಿಲಾಯರು ಟಿಪ್ಪಣಿ ಪುಸ್ತಕದಲ್ಲಿ ‘ಎಂದೂ ತೆಗೆಯುವುದಿಲ್ಲ’ ಎಂದು ಬರೆದುಕೊಂಡರು. ಕಾಲುಂಗುರ ಯಾವಾಗ ಕಳಚುತ್ತದೆಂಬುದು ಅವರಿಗೆ ತಿಳಿಯದ ಸಂಗತಿಯೇನಲ್ಲ. ಆದರೆ ವಿಜ್ಞಾನಿಯ ತಲೆಯಲ್ಲಿ ಮನೆಯ ವಿಷಯಗಳಿಗೆ ಒಂದು ಕೋಣೆ, ಪ್ರಯೋಗಾಲಯದ ವಿಷಯಗಳಿಗೆ ಇನ್ನೊಂದು. ನಡುವಿನ ಬಾಗಿಲಿಗೆ ಆ ದಿನ ಅಗುಳಿ ಹಾಕಿತ್ತು.

ಎರಡು ತಿಂಗಳಲ್ಲಿ ಊರಿನ ಪತ್ತಾರನೊಬ್ಬ ಬೆಳ್ಳಿಯ ಕವಚ ಮಾಡಿಕೊಟ್ಟ, ಪ್ರಯೋಗಾಲಯ ಅದರೊಳಗೆ ಶೂನ್ಯಬಿಂದುವನ್ನು ಕೂರಿಸಿತು. ಕೆದಿಲಾಯರು ಒಬ್ಬೊಬ್ಬರಿಗೆ ಒಂದೊಂದು ಉಂಗುರ ಕೊಡಹೋದಾಗ ಮತ್ತೆ ನಗು. “ಒಂದ ಕಾಲಿಗೆ ಯಾರರ ಕಾಲುಂಗ್ರ ಹಾಕ್ತಾರೇನ್ರಿ?” ಹೀಗಾಗಿ ಎಡಗಾಲಿಗೂ ಒಂದು ಮಾಡಿಸಬೇಕಾಯಿತು. ಕೈಪಿಡಿಯಲ್ಲಿ ಕೆದಿಲಾಯರು ಪ್ರಾಮಾಣಿಕವಾಗಿ ಬರೆದರು: ‘ಬಲಗಾಲಿನದು: ಶೂನ್ಯಬಿಂದು. ಎಡಗಾಲಿನದು: ಒಳಗೆ ಏನೂ ಇಲ್ಲ.’

ಅಳತೆ ಎಷ್ಟು ನಿಖರವಾಯಿತೆಂದರೆ ಹೊರದೇಶದ ತಜ್ಞರು ನೋಡಲು ಬಂದರು. ಉಂಗುರ ಕಾಲ್ಬೆರಳ ಎಲುಬಿಗೆ ಒತ್ತಿಕೊಂಡು, ಆ ಹೆಂಗಸು ಹೇಗೆ ನಿಲ್ಲುತ್ತಾಳೆ, ಯಾವ ಕಾಲಿಗೆ ಭಾರ ಬಿಡುತ್ತಾಳೆ ಎಂಬುದನ್ನೆಲ್ಲ ಕಲಿತುಕೊಳ್ಳುತ್ತಿತ್ತು. ಸುಣ್ಣದಕೊಪ್ಪದ ಮೆಟ್ಟಿಲುಗಳು ಸಾರಿಸಿದ ಜಗಲಿಯಂತೆ ಸಮನಾದವು. ಹೀಗೆ ಒಂದೂವರೆ ವರ್ಷ ಕಳೆಯಿತು.

ದುಂಡವ್ವನ ಗಂಡ ಯಮನಪ್ಪ ಮೊದಲು ಅದೇ ಗಣಿಯಲ್ಲಿ ಲಾರಿ ಓಡಿಸುತ್ತಿದ್ದವನು. ಲಾರಿಗಳು ತಾವೇ ಓಡತೊಡಗಿದ ಮೇಲೆ ಮನೆಯಲ್ಲಿ ಎರಡು ಎಮ್ಮೆ ನೋಡಿಕೊಂಡಿದ್ದ. ಒಂದು ಮಧ್ಯಾಹ್ನ ಎಮ್ಮೆಗಳಿಗೆ ನೀರು ಕುಡಿಸಿ ಬಂದು ಕಟ್ಟೆಯ ಮೇಲೆ ಕುಳಿತವನು ಏಳಲಿಲ್ಲ. ದುಂಡವ್ವನಿಗೆ ಬಹಳ ಹೊತ್ತು ಅಳು ಬರಲಿಲ್ಲ, ಬಂದ ಮೇಲೆ ನಿಲ್ಲಲಿಲ್ಲ. ಮಣ್ಣು ಕೊಟ್ಟ ದಿನ ಬಂಧುಗಳು ಸೇರಿ ಅವಳ ಬಳೆ ಒಡೆದು, ತಾಳಿ ತೆಗೆದು, ಕಾಲುಂಗುರಗಳನ್ನೂ ಕಳಚಿದರು. ಕಾಲ ಬಹಳ ಮುಂದೆ ಹೋಗಿತ್ತು, ನಿಜ. ಹೋಗುವಾಗ ಎಲ್ಲವನ್ನೂ ಕರೆದುಕೊಂಡು ಹೋಗಿರಲಿಲ್ಲ.

ಹದಿನೈದು ದಿನ ಬಿಟ್ಟು ಅವಳು ಗಣಿಗೆ ಬಂದಳು. ಬೂಟು ಬಿಚ್ಚಿ, ರಂಧ್ರ ಕೊರೆಯಬೇಕಾದ ಜಾಗದಲ್ಲಿ ಬಂದು ನಿಂತಳು. ಯಂತ್ರ ಚಾಲೂ ಆಗಲಿಲ್ಲ.

“ಶೂನ್ಯಬಿಂದು ಸಿಗುತ್ತಿಲ್ಲ. ಇಲ್ಲಿ ಯಾರೂ ನಿಂತಿಲ್ಲ” ಎಂದಿತು ತಳದರ್ಶಿ.

ದುಂಡವ್ವ ಒಂದು ಹೆಜ್ಜೆ ಮುಂದೆ ಬಂದಳು. “ಇಲ್ಲಿ ಯಾರೂ ನಿಂತಿಲ್ಲ” ಎಂದು ಅದು ಮತ್ತೆ ಹೇಳಿತು.

“ನಾ ಇಲ್ಲೇ ನಿಂತೇನಲ್ಲೋ” ಎಂದಳು ದುಂಡವ್ವ. ಯಂತ್ರ ಮೂರನೆಯ ಸಲವೂ ಅದೇ ಮಾತನ್ನು, ಅದೇ ವಿನಯದಿಂದ ಹೇಳಿತು. ಆ ಹದಿನೈದು ದಿನಗಳಲ್ಲಿ ಊರು ಸುತ್ತಿ ಬಳಸಿ ಹೇಳಿದ್ದನ್ನು ಯಂತ್ರ ನೇರವಾಗಿ ಹೇಳಿತ್ತು. ಅವಳು ಬೂಟು ಹಾಕಿಕೊಂಡು ಮನೆಗೆ ಹೋದಳು.

ಗಲಗಲಿಯವರಿಗೆ ಪರಿಹಾರ ಸುಲಭವಾಗಿ ಕಂಡಿತು. ಅಳತೆಯ ಕೆಲಸಕ್ಕೆ ಇನ್ನು ಮುಂದೆ ಗಂಡ ಬದುಕಿರುವ ಹೆಂಗಸರನ್ನು ಮಾತ್ರ ತೆಗೆದುಕೊಳ್ಳುವುದು. ಅರ್ಜಿಯಲ್ಲಿ ಗಂಡನ ಆರೋಗ್ಯದ ಬಗ್ಗೆ ವೈದ್ಯರ ಪ್ರಮಾಣಪತ್ರ ಕೇಳುವುದು. ಇದಕ್ಕೆ ಒಪ್ಪಿಗೆ ಕೋರಿ ಅವರು ಪ್ರಯೋಗಾಲಯಕ್ಕೆ ಪತ್ರ ಬರೆದರು. ಕೆದಿಲಾಯರು ಅದನ್ನು ಎರಡು ಸಲ ಓದಿದರು. ಹತ್ತು ವರ್ಷ ಶ್ರಮಿಸಿ ಕಟ್ಟಿದ ತಳದರ್ಶಿಯ ಬಿಡಿಭಾಗಗಳ ಪಟ್ಟಿಗೆ ಈಗ ಒಬ್ಬ ಗಂಡನೂ ಸೇರಿದ್ದ. ಅವರಿಗೆ ನಾಚಿಕೆಯಾಯಿತು. ವಾರದೊಳಗೇ ಸುಣ್ಣದಕೊಪ್ಪಕ್ಕೆ ಹೊರಟರು.

ದುಂಡವ್ವನ ಮನೆಯಲ್ಲಿ ಅವಳ ಜೊತೆ ಅತ್ತೆ ಬಾಳವ್ವ ಇದ್ದಳು. ಎಂಬತ್ತರ ಹತ್ತಿರದ ಮುದುಕಿ; ಗಂಡ ತೀರಿಕೊಂಡು ನಲವತ್ತು ವರ್ಷವಾಗಿತ್ತು.

“ಕೆಲಸ ಹೋದ್ರ ಊಟಕ್ಕ ಹ್ಯಾಂಗರ ಮಾಡ್ತೀನ್ರಿ, ಎಮ್ಮಿ ಅದಾವು” ಎಂದಳು ದುಂಡವ್ವ. “ಆದ್ರ ಇಪ್ಪತ್ತನಾಲ್ಕು ವರ್ಷ ಅಲ್ಲಿ ನಿಂತಾಕಿ ನಾನು. ಈಗ ಗ್ವಾಡಿ ನೋಡ್ಕೋಂತ ಕುಂದ್ರಂದ್ರ ಹ್ಯಾಂಗ ಕುಂದರ್ಲಿ? ನನಗ ಆ ಕೆಲಸ ಬೇಕ್ರಿ.”

“ಉಂಗುರವನ್ನು ಕಾಲಿನ ಗಂಟಿಗೆ ಕಟ್ಟುವಂತೆ ಮಾಡಿ ನೋಡಿದೆ. ಕುಕ್ಕರಗಾಲಲ್ಲಿ ಕೂತರೆ ಅಳತೆ ತಪ್ಪುತ್ತದೆ. ಬೆರಳಿಗೇ ಹಾಕಬೇಕು” ಎಂದು ಕೆದಿಲಾಯರು ಬೆಳ್ಳಿಯ ಜೋಡಿಯನ್ನು ಚಾಪೆಯ ಮೇಲಿಟ್ಟರು. “ಇದು ಕಾಲುಂಗುರವಲ್ಲ ಅಜ್ಜಿ. ಉಪಕರಣ.”

ಒಡವೆಗೆ ಆ ಸೀಮೆಯಲ್ಲಿ ವಸ್ತ ಎನ್ನುತ್ತಾರೆ. ಬಾಳವ್ವ ಕೇಳಿದಳು: “ವಸ್ತ ಅಲ್ಲ, ಯಂತ್ರ ಅಂತೀರಿ?”

“ಹೌದು.”

“ಎರಡೂ?”

ಕೆದಿಲಾಯರು ಹೂಂ ಅನ್ನಬಹುದಿತ್ತು. ಕೈಪಿಡಿಯನ್ನು ಬರೆದವರು ಅವರೇ ಆದ್ದರಿಂದ ಬಾಯಿ ಬರಲಿಲ್ಲ. “ಬಲಗಾಲಿನದು ಯಂತ್ರ. ಎಡಗಾಲಿನದರಲ್ಲಿ ಏನೂ ಇಲ್ಲ.”

“ಹಂಗಾರ ಅದು ವಸ್ತ” ಎಂದಳು ಬಾಳವ್ವ. “ಬಲಗಾಲಿಂದು ಅಕಿ ಹಾಕ್ಕೊಳ್ಳಿ. ಎಡಗಾಲಿಂದು ತೊಗೊಂಡು ಹೋಗ್ರಿ.”

ನ್ಯಾಯವಾದ ತೀರ್ಪು, ಗಣಿಯ ಕಾನೂನು ವಿಭಾಗವೂ ಇಷ್ಟು ಸ್ಪಷ್ಟವಾಗಿ ಹೇಳುತ್ತಿರಲಿಲ್ಲ. ದುಂಡವ್ವ ಒಂದೇ ಉಂಗುರ ಹಾಕಿಕೊಂಡು ಕೆಲಸಕ್ಕೆ ಹೋದಳು. ತಳದರ್ಶಿ ಅವಳನ್ನು ಗುರುತಿಸಿತು, ಆಳ ಸರಿಯಾಗಿ ಬಂತು, ಗಲಗಲಿಯವರು ಸಂತೋಷಪಟ್ಟರು. ಒಂಬತ್ತನೆಯ ದಿನ ದುಂಡವ್ವ ಕೆದಿಲಾಯರಿಗೆ ಫೋನು ಮಾಡಿದಳು.

“ನಾ ಬರೂದಿಲ್ರಿ ಸಾಹೇಬ್ರ. ನಿಮ್ಮದೇನೂ ತಪ್ಪಿಲ್ಲ.”

“ಯಾಕೆ ದುಂಡವ್ವ? ಅಳತೆ ಸರಿಯಾಗಿಯೇ ಬರುತ್ತಿದೆಯಲ್ಲ ಮಾರಾಯ್ತಿ?”

“ಅಳತಿ ಬರತೈತ್ರಿ. ಎರಡೂ ಇಲ್ಲದಿದ್ರ ಯಾರೂ ನೋಡೂದಿಲ್ಲ. ಎರಡೂ ಇದ್ರನೂ ಯಾರೂ ನೋಡೂದಿಲ್ಲ. ಒಂದ ಇದ್ರ ಎಲ್ಲಾರೂ ನೋಡ್ತಾರ. ನೋಡಿ ಮತ್ತ ಇನ್ನೊಂದು ಕಾಲು ನೋಡ್ತಾರ.”

ಕೆದಿಲಾಯರು ಆ ವಾರ ಬೇರೆ ಯಾವ ಕೆಲಸವನ್ನೂ ಮಾಡಲಿಲ್ಲ. ಎಡಗಾಲಿನ ಉಂಗುರದೊಳಗೂ ಒಂದು ಶೂನ್ಯಬಿಂದುವನ್ನು ಕೂರಿಸಿದರು. ಯಾಕೆಂದು ಸಹಾಯಕರು ಕೇಳಿದಾಗ, ದಣಿದ ಮನುಷ್ಯ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಾಯಿಸುತ್ತಾನೆ, ಆದ್ದರಿಂದ ಎರಡೂ ಕಾಲುಗಳ ಸರಾಸರಿ ತೆಗೆದರೆ ಉತ್ತಮ ಎಂದು ಬಾಯಿಗೆ ಬಂದದ್ದನ್ನು ಹೇಳಿದರು. ಪರೀಕ್ಷಿಸಿ ನೋಡಿದಾಗ ಅಳತೆ ನಿಜಕ್ಕೂ ನಾಲ್ಕು ಪಟ್ಟು ಸುಧಾರಿಸಿತ್ತು. ಜೀವನದಲ್ಲಿ ಮೊದಲ ಸಲ ಒಂದು ಸುಳ್ಳು ಹೇಳಲು ಧೈರ್ಯ ಮಾಡಿದ್ದ ಕೆದಿಲಾಯರಿಗೆ, ಅದು ನಿಜವಾಗಿಬಿಟ್ಟದ್ದು ತುಸು ನಿರಾಶೆಯನ್ನೇ ತಂದಿತು.

ಹೊಸ ಜೋಡಿಯೊಂದಿಗೆ ಅವರು ಎರಡನೆಯ ಸಲ ಆ ಮನೆಯ ಚಾಪೆಯ ಮೇಲೆ ಕುಳಿತರು. ಬಾಳವ್ವ ಎಡಗಾಲಿನದನ್ನು ಕೈಗೆತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು, ಕಿವಿಯ ಹತ್ತಿರ ಅಲ್ಲಾಡಿಸಿದಳು.

“ಈಗ ಇದರಾಗೂ ಐತಿ?”

“ಉಂಟು ಅಜ್ಜಿ. ಸತ್ಯವಾಗಿಯೂ ಉಂಟು.”

“ಹಂಗಾರ ಎರಡೂ ಯಂತ್ರ” ಎಂದಳು ಬಾಳವ್ವ. “ದುಂಡವ್ವಾ, ಕಾಲು ಚಾಚು.” ದುಂಡವ್ವ ಹಿಂಜರಿದಳು. ಮುದುಕಿ ತಾನೇ ಅವಳ ಪಾದವನ್ನು ಮಡಿಲಿಗೆ ಎಳೆದುಕೊಂಡು, ಒಂದು ಬೆರಳಿಗೆ, ಆಮೇಲೆ ಇನ್ನೊಂದು ಕಾ­ಲಿನ ಬೆರಳಿಗೆ ಉಂಗುರ ಏರಿಸಿದಳು. ಅತ್ತೆ ಸೊಸೆಯ ಕಾಲು ಹಿಡಿದದ್ದು ಆ ಮನೆಯಲ್ಲಿ ಅದೇ ಮೊದಲು. ದುಂಡವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಕೆದಿಲಾಯರು ಚಾಪೆಯ ಹೆಣಿಗೆಯನ್ನು ಬಹಳ ಆಸಕ್ತಿಯಿಂದ ಪರಿಶೀಲಿಸಿದರು.

ಅವರು ಹೊರಡಲು ಎದ್ದಾಗ ಬಾಳವ್ವ ಬಾಗಿಲ ತನಕ ಬಂದಳು. “ಸಾಹೇಬ್ರ, ನನಗೂ ಒಂದ ಜೋಡಿ ಕಳಸ್ತೀರೇನು?”

“ಅಜ್ಜಿ, ನೀವೂ ಗಣಿಗೆ ಬರುತ್ತೀರಾ?”

“ಈ ವಯಸ್ಸಿನಾಗ ಗಣಿಗ್ಯಾಕ ಬರ್ಲಿರಿ? ಮನ್ಯಾಗ ನಿಂದರ್ತೀನಿ.”

ಕೆದಿಲಾಯರು ಮುದುಕಿಯ ಕಾಲ್ಬೆರಳಿನ ಅಳತೆಯನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡರು.

ದುಂಡವ್ವ ಮರುದಿನ ಗಣಿಗೆ ಹೋದಳು. “ಶೂನ್ಯಬಿಂದು ಸಿಕ್ಕಿದೆ” ಎಂದಿತು ತಳದರ್ಶಿ. “ಸಿಗಲಾರದೇನು” ಎಂದು ಅವಳು ಗೊಣಗಿ, ಎಂದಿನಂತೆ ಹಗ್ಗ ಬಿಟ್ಟು ನೋಡಿದಳು. ಹನ್ನೊಂದು ಗಂಟು, ಸರಿಯಾಗಿತ್ತು.

ಆರು ತಿಂಗಳ ಬಳಿಕ ಪ್ರಯೋಗಾಲಯದ ಮಾರಾಟ ವಿಭಾಗದ ಮುಖ್ಯಸ್ಥರು ಕಡತವೊಂದನ್ನು ಹಿಡಿದು ಕೆದಿಲಾಯರ ಬಳಿಗೆ ಬಂದರು. ಶೂನ್ಯಬಿಂದುವಿನ ಜೋಡಿಗಾಗಿ ನಾನೂರ ಹನ್ನೆರಡು ಬೇಡಿಕೆಗಳು ಬಂದಿದ್ದವು. ವಿಚಿತ್ರವೆಂದರೆ ಅವು ಬಂದ ಊರುಗಳಲ್ಲಿ ಒಂದರಲ್ಲೂ ಗಣಿ ಇರಲಿಲ್ಲ. ಒಬ್ಬಾಕೆ ಶಾಲೆಯಲ್ಲಿ ಅಡುಗೆ ಮಾಡುವವಳು, ಒಬ್ಬಾಕೆ ಬಸ್ಸಿನ ಕಂಡಕ್ಟರು, ಒಬ್ಬಾಕೆ ನಿವೃತ್ತ ತಹಶೀಲ್ದಾರಳು. ಅರ್ಜಿಯಲ್ಲಿ ಹೆಸರು, ವಯಸ್ಸು, ಬೆರಳಿನ ಅಳತೆ ಎಲ್ಲವನ್ನೂ ನೀಟಾಗಿ ತುಂಬಿದ್ದರು. ‘ಕೊರೆಯಬೇಕಾದ ರಂಧ್ರದ ಆಳ’ ಎಂಬಲ್ಲಿ ಕೆಲವರು ಗೆರೆ ಎಳೆದಿದ್ದರು, ಕೆಲವರು ‘ಇಲ್ಲ’ ಎಂದು ಬರೆದಿದ್ದರು.

“ನಿಯಮದ ಪ್ರಕಾರ ಇವುಗಳನ್ನು ತಿರಸ್ಕರಿಸಬೇಕು ಸರ್. ರಂಧ್ರವೇ ಇಲ್ಲದ ಮೇಲೆ ಇವರಿಗೆ ಶೂನ್ಯಬಿಂದು ಯಾಕೆ?”

ಕೆದಿಲಾಯರು ಅರ್ಜಿಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ಕೈಪಿಡಿಯನ್ನು ತರಿಸಿ, ತಮ್ಮ ಕೈಯಿಂದಲೇ ಒಂದು ವಾಕ್ಯ ಸೇರಿಸಿ, ಸಹಿ ಹಾಕಿ ಅಚ್ಚಿಗೆ ಕಳುಹಿಸಿದರು: ‘ಶೂನ್ಯಬಿಂದುವನ್ನು ಧರಿಸಲು ರಂಧ್ರ ಇರಲೇಬೇಕೆಂಬ ನಿಯಮವಿಲ್ಲ; ನಿಲ್ಲಲು ಸ್ವಲ್ಪ ನೆಲವಿದ್ದರೆ ಸಾಕು.’

ಆ ವಾಕ್ಯ ಇಂದಿಗೂ ನಲವತ್ತೊಂದನೆಯ ಪುಟದಲ್ಲಿದೆ. ಹೊರದೇಶದ ತಜ್ಞರು ಅದನ್ನು ಅಚ್ಚಿನ ದೋಷವೆಂದು ತಿಳಿದು, ಸರಿಪಡಿಸುವಂತೆ ವರ್ಷಕ್ಕೊಂದು ಪತ್ರ ಬರೆಯುತ್ತಾರೆ.